ಎದುರುಮನೆಯ ಬ್ಯಾಂಕ್ಸ್‌ಮನ್

ಜಿಲೆಟಿನ್ ಸುಟ್ಟ ಹೊಗೆಯಲ್ಲಿ ಒಂದು ಕೆಟ್ಟ ಸಿಹಿ ಇರುತ್ತದೆ. ಮೂಗಿಗೆ ಬಿದ್ದ ಕೂಡಲೇ ಏನೂ ಅನ್ನಿಸುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎರಡು ಹುಬ್ಬುಗಳ ನಡುವೆ ಯಾರೋ ಬೆರಳಿಟ್ಟು ಒತ್ತಿದ ಹಾಗೆ ನೋವು ಶುರುವಾಗುತ್ತದೆ. ಹೋದ ತಿಂಗಳು ಗೌರಿಬಿದನೂರಿನಿಂದ ಬರುತ್ತಿದ್ದಾಗ, ಚಿಕ್ಕಬಳ್ಳಾಪುರ ಇನ್ನೂ ದೂರವಿರುವಾಗಲೇ ಬಸ್ಸು ನಿಂತಿತು. ರಸ್ತೆಯ ಮಧ್ಯೆ ಒಬ್ಬ ಕೆಂಪು ಬಟ್ಟೆ ಹಿಡಿದು ನಿಂತಿದ್ದ. ಗುಡ್ಡದ ಕಡೆ ಬಂಡೆ ಒಡೆಯುತ್ತಿದ್ದರು. ಡ್ರೈವರು ಬೀಡಿ ಹಚ್ಚಿದ, ಢಂ ಎಂದಿತು, ಕಿಟಕಿಯಿಂದ ಆ ಹೊಗೆ ಒಳಗೆ ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೂಗಿಗೆ ಸೆರಗು ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ. ಹಿಂದಿನ ದಿನ ಒಂದು ಮದುವೆ ರಿಸೆಪ್ಷನ್ನಿನಲ್ಲಿ ಒಂದು ಗಂಟೆ ಹೊತ್ತು ಮಿಮಿಕ್ರಿ ಮಾಡಿ, ಹದಿನೆಂಟು ಜನರ ದನಿ ತೆಗೆದು, ಹತ್ತೊಂಬತ್ತನೆಯದಾಗಿ ಗಂಡಿನ ಸೋದರಮಾವನ ಕೆಮ್ಮನ್ನೂ ತೆಗೆದು, ಆ ಮಾವನ ಕೈಯಿಂದಲೇ ತಾಂಬೂಲ ಇಸಿದುಕೊಂಡು ಬರುತ್ತಿದ್ದೆ. ಹೊಗೆ ಕುಡಿದುಕೊಂಡು ಸುಮ್ಮನೆ ಕೂತೆ. ಎದುರುಮನೆಯ ತಾತ ನೆನಪಾದರು.

ಅವರು ನನಗೆ ನೆಂಟರಲ್ಲ. ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ, ನಮ್ಮ ಮನೆಗೆ ನೇರ ಎದುರಿಗೆ ಬಾಡಿಗೆಗೆ ಬಂದವರು, ಅಷ್ಟೇ. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಗಂಡ ಹೆಂಡತಿ ಇಬ್ಬರೇ. ಹುಟ್ಟೂರು ಚಿಂತಾಮಣಿ ಕಡೆಯದಾದರೂ ಆಯುಷ್ಯವೆಲ್ಲ ಚಿನ್ನದ ಗಣಿಯಲ್ಲಿ ಕಳೆದು ಬಂದಿದ್ದರು. ಮಾತಿನಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಇರುತ್ತಿದ್ದವು. ಜತೆಗೆ ಯಾವ ಶಾಲೆಯಲ್ಲೂ ಕಲಿಸದ ಒಂದು ಇಂಗ್ಲಿಷೂ ಇತ್ತು. ಬಂದ ದಿನ ನಮ್ಮಮ್ಮ ಕಾಫಿ ಕೊಟ್ಟು, “ಏನು ಕೆಲಸದಲ್ಲಿದ್ರಿ?” ಎಂದು ಕೇಳಿದಾಗ ಅವರು ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡು, “ಬ್ಯಾಂಕ್ಸ್‌ಮನ್ನಮ್ಮ” ಎಂದರು. ಅಮ್ಮ ತಲೆಯಾಡಿಸಿದಳು. ಅವರು ಹೋದ ಮೇಲೆ, ಅದೇನು ಕೆಲಸವೋ ಹೋಗಿ ಕೇಳಿಕೊಂಡು ಬಾ ಎಂದು ನನ್ನನ್ನು ಅಟ್ಟಿದಳು.

ನಾನು ಆಗ ಎರಡನೇ ಪಿಯುಸಿಯನ್ನು ಎರಡನೇ ಸಲ ಓದುತ್ತಿದ್ದೆ. ಅಂದರೆ ಓದುತ್ತಿರಲಿಲ್ಲ. ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುವವನ ದನಿ, ನಮ್ಮ ಕಾಲೇಜಿನ ಪ್ರಿನ್ಸಿಪಾಲರ ದನಿ, ಗುಮಾಸ್ತನಾಗಿದ್ದ ನಮ್ಮಪ್ಪ ಸಾಹೇಬರ ಮುಂದೆ ಮಾತಾಡುವ ದನಿ ಮತ್ತು ಮನೆಯಲ್ಲಿ ಮಾತಾಡುವ ದನಿ… ಎಲ್ಲವೂ ನನ್ನ ಹತ್ತಿರ ಇದ್ದವು. ನನ್ನದೊಂದು ದನಿ ಮಾತ್ರ ಎಲ್ಲೋ ಮೂಲೆಯಲ್ಲಿ ಬಿದ್ದಿತ್ತು. ತಾತನ ದನಿಯನ್ನು ಒಂದೇ ವಾರದಲ್ಲಿ ಹಿಡಿದೆ. ಅದಕ್ಕಾಗಿಯೇ ಅವರ ಜಗಲಿಯ ಮೇಲೆ ಹೋಗಿ ಕೂರುತ್ತಿದ್ದದ್ದು. ಗಣಿಯ ಕತೆ ಕೇಳುವ ಆಸೆಯಿಂದಲ್ಲ.

ಆದರೂ ಕತೆ ಕಿವಿಗೆ ಬೀಳುತ್ತಿತ್ತು. ಗಣಿಗೆ ಇಳಿಯುವ ಆಳದ ಗುಂಡಿಯ ಬಾಯಿ ಇದೆಯಲ್ಲ, ಅದರ ದಂಡೆಗೆ ಬ್ಯಾಂಕ್ ಅನ್ನುತ್ತಿದ್ದರಂತೆ. ಆ ದಂಡೆಯ ಮೇಲೆ ನಿಲ್ಲುವವನು ಬ್ಯಾಂಕ್ಸ್‌ಮನ್. ಅವನು ಕೆಳಗೆ ಇಳಿಯುವುದಿಲ್ಲ, ಕಲ್ಲು ಒಡೆಯುವುದಿಲ್ಲ, ಒಂದು ಗುಲಗಂಜಿ ಚಿನ್ನವನ್ನೂ ನೋಡುವುದಿಲ್ಲ. ಇಳಿಯುವವರನ್ನು ಕೇಜೆಂಬ ಕಬ್ಬಿಣದ ಪಂಜರದಲ್ಲಿ ನಿಲ್ಲಿಸಿ ಬಾಗಿಲು ಹಾಕಿ ಗಂಟೆ ಹೊಡೆಯುತ್ತಾನೆ. ಪಾಳಿ ಮುಗಿದಾಗ ಹತ್ತಿ ಬಂದವರನ್ನು ಇಳಿಸಿಕೊಳ್ಳುತ್ತಾನೆ. ಇಳಿಯುವಾಗ ಪ್ರತಿಯೊಬ್ಬನೂ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಅವನ ಕೈಗೆ ಕೊಡಬೇಕು, ಬಂದ ಮೇಲೆ ವಾಪಸು ಇಸಿದುಕೊಳ್ಳಬೇಕು. ಅದೂ ಸಾಲದೆ ನಂಬರು ಕೂಗಿದಾಗ ಬಾಯಿಬಿಟ್ಟು ಮೇಲಿದ್ದೇನೆ ಅನ್ನಬೇಕು.

“ಕೈಗೊಂದು ಸಾಕ್ಷಿ, ಕಿವಿಗೊಂದು ಸಾಕ್ಷಿ. ಎರಡೂ ಒಂದೇ ಮಾತು ಹೇಳ್ಬೇಕಪ್ಪ” ಎನ್ನುತ್ತಿದ್ದರು ತಾತ.

“ಹೇಳದಿದ್ರೆ?”

“ಕೈ ಸುಳ್ಳು ಹೇಳಲ್ಲ. ಕಿವಿ ಹೇಳಿದ್ರೆ, ಅವತ್ತೇ ದಂಡೆ ಬಿಟ್ಟು ಇಳಿದುಬಿಡ್ಬೇಕು. ಯಾರಾದ್ರೂ ಕಳಿಸೋವರ್ಗೂ ಕಾಯಬಾರ್ದು. ಇಲ್ಲದ್ದು ಕೇಳಿಸಿದವನು ಅಲ್ಲಿ ನಿಲ್ಲಬಾರ್ದು.”

ಗಣಿಯಲ್ಲಿ ಹಾಗೆ ಇಳಿದು ಹೋದವರಿಬ್ಬರನ್ನು ಅವರು ನೋಡಿದ್ದರು. ಒಬ್ಬನಿಗೆ ಹೊಡೆಯದ ಗಂಟೆ ಕೇಳಿಸಿತ್ತಂತೆ. ಅವನು ಟೋಪಿ ತೆಗೆದು ಕಂಬಕ್ಕೆ ಸಿಕ್ಕಿಸಿ ಮನೆಗೆ ನಡೆದ. ಮಾರನೆಯ ದಿನದಿಂದ ಕಸ ಗುಡಿಸುವ ಕೆಲಸಕ್ಕೆ ಬಂದ. ಇದನ್ನು ತಾತ ಯಾರನ್ನೂ ಬೈಯದೆ, ಯಾರಿಗೂ ಮರುಗದೆ, ಸಂಬಳದ ದಿನ ಯಾವುದೆಂದು ಹೇಳುವ ಹಾಗೆ ಹೇಳುತ್ತಿದ್ದರು.

ಬ್ಯಾಂಕ್ಸ್‌ಮನ್ ಎಂಬ ಮಾತನ್ನು ಅವರು ಬೀದಿಗೂ ತಂದುಬಿಟ್ಟಿದ್ದರು. ಶಾಲೆ ಬಿಟ್ಟ ಮೇಲೆ ಕೊನೆಯ ಮಗು ಹೋಗುವ ತನಕ ಗೇಟಿನಲ್ಲಿ ನಿಲ್ಲುವ ಆಯಾಳನ್ನು ತೋರಿಸಿ, “ಅವಳು ಬ್ಯಾಂಕ್ಸ್‌ಮನ್ ಕಣಪ್ಪ” ಎನ್ನುತ್ತಿದ್ದರು. ಮುದುಕಿಯ ಒಂದು ಕಾಲು ಇನ್ನೂ ನೆಲದ ಮೇಲಿರುವಾಗಲೇ ರೈಟ್ ಎಂದ ಸಾದಲಿ ಬಸ್ಸಿನ ಕಂಡಕ್ಟರನಿಗೆ, “ಇವನನ್ನ ಯಾರಪ್ಪ ದಂಡೆ ಮೇಲೆ ನಿಲ್ಲಿಸಿದ್ದು” ಎಂದರು. ಅಪ್ಪ ಬರುವವರೆಗೂ ಊಟಕ್ಕೆ ಕೂರದ ನಮ್ಮಮ್ಮನೂ ಬ್ಯಾಂಕ್ಸ್‌ಮನ್ ಆದಳು. ನನ್ನನ್ನು ಒಂದು ದಿನವೂ ಹಾಗೆ ಅನ್ನಲಿಲ್ಲ. ನಾನೂ ಅರ್ಜಿ ಹಾಕಿರಲಿಲ್ಲ.

ಬೀದಿಯ ಕೊನೆಗೆ ನಮ್ಮಪ್ಪನ ಸಾಹೇಬರ ರೇಷ್ಮೆ ಫಿಲೇಚರ್ ಇತ್ತು. ಗೂಡು ಬೇಯಿಸಲು, ನೂಲು ತೆಗೆಯಲು ದಿನವೆಲ್ಲ ನೀರು ಬೇಕು. ಒಂದು ಬೇಸಿಗೆಯಲ್ಲಿ ಅವರ ತೆರೆದ ಬಾವಿ ತಳ ಕಂಡಿತು. ಇನ್ನೂ ಎರಡಾಳು ಆಳ ಮಾಡಿಸೋಣ ಎಂದು ಕೆಂಚಾರ್ಲಹಳ್ಳಿ ಕಡೆಯಿಂದ ಒಬ್ಬ ಮೇಸ್ತ್ರಿಯನ್ನೂ ಐದು ಜನ ಆಳುಗಳನ್ನೂ ಕರೆಸಿದರು. ಅಷ್ಟು ಆಳದಲ್ಲಿ ಬರೀ ಬಂಡೆ. ಬೆಳಿಗ್ಗೆಯೆಲ್ಲ ಟ್ರ್ಯಾಕ್ಟರಿಗೆ ಜೋಡಿಸಿದ ಕಂಪ್ರೆಸರಿನಿಂದ ತೂತು ಕೊರೆಯುವುದು, ಜಿಲೆಟಿನ್ ತುಂಬುವುದು, ಎಲ್ಲರೂ ಮೇಲೆ ಬಂದ ಮೇಲೆ ಮೇಸ್ತ್ರಿ ಬ್ಯಾಟರಿಗೆ ತಂತಿ ಮುಟ್ಟಿಸುವುದು. ಮೊದಲ ದಿನ ತಾತ ಹೋಗಿ ನಿಂತು ನೋಡಿದರು. ಮೇಸ್ತ್ರಿ ಬಾವಿಯೊಳಗೆ ಬಗ್ಗಿ ಕೂಡ ನೋಡದೆ, “ಅಂದರೂ ವಚ್ಚಿನಾರಾ?” ಎಂದು, ಎಲ್ಲರೂ ಬಂದ್ರಾ ಅಂತ ತೆಲುಗಿನಲ್ಲಿ ಕೇಳಿ, ಯಾರೋ ಹೂಂ ಎಂದದ್ದಕ್ಕೆ ತಂತಿ ಮುಟ್ಟಿಸಿಬಿಟ್ಟ. ತಾತ ಸೀದಾ ಸಾಹೇಬರ ಹತ್ತಿರ ಹೋದರು.

ಏನು ಮಾತಾಡಿದರೋ ಗೊತ್ತಿಲ್ಲ. ಹೊರಗೆ ಬಂದ ಸಾಹೇಬರು ಮೇಸ್ತ್ರಿಗೆ, “ನಾಳೆಯಿಂದ ಈ ಬಡೇಮಿಯಾ ಕೈ ಇಳಿಸಿದ್ರೇನೇ ಫೈರ್. ಇಲ್ಲಾಂದ್ರೆ ಇಲ್ಲ” ಎಂದರು.

ಮಾರನೆಯ ದಿನ ತಾತ ಬಿಳಿ ಅಂಗಿ, ಖಾಕಿ ಚಡ್ಡಿ ಹಾಕಿಕೊಂಡು ಬಂದರು. ಡಾಲ್ಡಾ ಡಬ್ಬಿಯ ತಗಡು ಕತ್ತರಿಸಿ ಐದು ಬಿಲ್ಲೆ ಮಾಡಿದ್ದರು. ಮೊಳೆಯಿಂದ ಒಂದಕ್ಕೆ ಒಂದು ತೂತು, ಎರಡಕ್ಕೆ ಎರಡು, ಹೀಗೆ. ಬಾವಿಯ ಪಕ್ಕದ ಹೊಂಗೆ ಮರಕ್ಕೆ ಒಂದು ಹಲಗೆ ಬಡಿದು ಬಿಲ್ಲೆಗಳನ್ನು ನೇತುಹಾಕಿದರು. ಇಳಿಯುವವನು ತನ್ನ ಬಿಲ್ಲೆ ತೆಗೆದು ತಾತನಿಗೆ ಕೊಡಬೇಕು, ಅದು ಅವರ ಎಡಗಡೆ ಜೇಬಿಗೆ. ಹತ್ತಿ ಬಂದವನು ಕೇಳಿ ತೆಗೆದುಕೊಂಡು ಹಲಗೆಗೆ ಹಾಕಬೇಕು. ಆಮೇಲೆ ಪಂಪ್‌ಹೌಸಿನ ಗೋಡೆಯ ಮರೆಗೆ ಹೋಗಿ ನಿಂತು, ನಂಬರು ಕೂಗಿದಾಗ “ಪೈನ ಉಂಡಾ” ಎಂದು ಅರಚಬೇಕು. ಮೇಲಿದ್ದೇನೆ ಅಂತ. ಆಳುಗಳಿಗೆ ಮೊದಲು ನಗು ಬಂತು. ತಾತ “ನಂಬರ್ ವನ್” ಎಂದು ಕೂಗಿದ್ದಕ್ಕೆ ಒಬ್ಬ ಸೆಲ್ಯೂಟ್ ಹೊಡೆದ. ಮೂರನೆಯ ದಿನದ ಹೊತ್ತಿಗೆ ನಗು ನಿಂತು, ಬಿಲ್ಲೆ ಕೊಡಲು ತಾವಾಗಿಯೇ ಕೈ ಚಾಚತೊಡಗಿದರು. ಬಾವಿಯ ದಂಡೆಯ ಮೇಲೆ ಅಲ್ಲಾಡದೆ ನಿಂತ ಆ ಮನುಷ್ಯನನ್ನು ನೋಡಿದರೆ ಹತ್ತು ವರ್ಷ ಸಣ್ಣವರಾದ ಹಾಗೆ ಕಾಣುತ್ತಿತ್ತು. ಅವರ ಹೆಂಡತಿ, ನಮಗೆಲ್ಲ ಅಜ್ಜಿ, ಮಧ್ಯಾಹ್ನ ಮಜ್ಜಿಗೆ ತಂದುಕೊಟ್ಟು, ಸ್ವಲ್ಪ ದೂರದಲ್ಲಿ ನಿಂತು ನೋಡಿ ಹೋಗುತ್ತಿದ್ದರು.

ನನ್ನ ಕೈಗೆ ಕೆಂಪು ಬಾವುಟ ಬಂತು. ಹೊಂಗೆ ಮರದ ಹಿಂದೆ, ಓಣಿಗೆ ಮುಖ ಮಾಡಿ ನಿಂತು, ಸೊಪ್ಪಿನ ಗಾಡಿಗಳನ್ನು ನಿಲ್ಲಿಸುವ ಕೆಲಸ. ತಾತನೇ ಕೊಡಿಸಿದ್ದು.

ನಾಲ್ಕನೇ ನಂಬರಿನವನ ದನಿ ಮೂಗಿನಲ್ಲಿ ಬರುತ್ತಿತ್ತು. “ಪೈನ ಉಂಡಾ” ಎಂದರೆ ಕೊನೆಗೆ ಒಂದು ಸಣ್ಣ ರಾಗ ಎಳೆಯುತ್ತಿತ್ತು. ಅದನ್ನು ಹಿಡಿಯಲು ನನಗೆ ಒಂದು ದಿನವೂ ಬೇಕಾಗಲಿಲ್ಲ.

ಆ ಮಧ್ಯಾಹ್ನ ಬಿಸಿಲು ಜೋರಾಗಿತ್ತು, ಎಲ್ಲರಿಗೂ ಹಸಿವು. ಒಬ್ಬೊಬ್ಬರೇ ಹತ್ತಿ ಬಂದರು. ನಾಲ್ಕನೆಯವನ ಹಳದಿ ಟವೆಲು ಸುತ್ತಿದ ತಲೆ ಬಾವಿಯ ಬಾಯಲ್ಲಿ ಕಂಡದ್ದನ್ನು ನಾನು ಕಣ್ಣಾರೆ ನೋಡಿದೆ. ಅವನು ಅಲ್ಲಿಂದಲೇ ತಿರುಗಿ ಮತ್ತೆ ಇಳಿದದ್ದನ್ನು ನೋಡಲಿಲ್ಲ. ಒಂದು ಗಾಡಿ ಬಂದಿತ್ತು, ಅದನ್ನು ನಿಲ್ಲಿಸುತ್ತಿದ್ದೆ. ತಾತ ದಂಡೆಯ ಮೇಲೆ ನಿಂತು ಪಂಪ್‌ಹೌಸಿನ ಕಡೆ ನೋಡುತ್ತಾ ಕೂಗಲು ಶುರು ಮಾಡಿದರು. ಒಂದು, ಎರಡು, ಮೂರಕ್ಕೆ ಉತ್ತರ ಬಂತು. “ನಂಬರ್ ಫೋರ್” ಎಂದರು. ಟ್ರ್ಯಾಕ್ಟರಿನ ಸದ್ದು ಬಿಟ್ಟರೆ ಏನೂ ಇಲ್ಲ. “ನಂಬರ್ ಫೋರ್” ಎಂದು ಮತ್ತೆ ಕೂಗಿದರು.

ಮರದ ಹಿಂದಿನಿಂದ, ಅವರ ಬೆನ್ನಿಗೆ ಹತ್ತು ಹೆಜ್ಜೆಯ ದೂರದಲ್ಲಿ, ನಾನು ಮೂಗಿನಲ್ಲಿ ರಾಗ ಎಳೆದೆ. “ಪೈನ ಉಂಡಾ…”

ಯಾಕೆ ಅಂದರೆ… ಯಾಕೂ ಇಲ್ಲ. ಅವನು ಮೇಲಿದ್ದಾನೆ ಅಂದುಕೊಂಡಿದ್ದೆ. ಬಾಯಿಗೆ ಬಂದಿತ್ತು. ಎರಡು ಕ್ಷಣ ಬಿಟ್ಟು ನಿಜವಾದ ನಾಲ್ಕನೆಯವನೂ ಅರಚುತ್ತಾನೆ, ಎಲ್ಲರೂ ನಗುತ್ತಾರೆ, ಅಷ್ಟೇ ಅಂದುಕೊಂಡಿದ್ದೆ.

ತಾತ ತಲೆಯಾಡಿಸಿದರು. ಐದನ್ನು ಕೂಗಿದರು, ಉತ್ತರ ಬಂತು. ಬಲಗೈ ಎತ್ತಿದರು. ಅದು ಕೆಳಗಿಳಿದರೆ ಮೇಸ್ತ್ರಿ ತಂತಿ ಮುಟ್ಟಿಸುತ್ತಾನೆ. ಎತ್ತಿದ ಕೈ ಹಾಗೇ ಇತ್ತು, ಎಡಗೈ ಜೇಬಿಗೆ ಹೋಯಿತು. ಹೊರಗೆ ಬಂದಾಗ ಬೆರಳುಗಳ ನಡುವೆ ನಾಲ್ಕು ತೂತಿನ ತಗಡು ಇತ್ತು.

“ಹೋಲ್ಡ್” ಎಂದರು. ಬಲಗೈಯನ್ನು ಇಳಿಸಲಿಲ್ಲ. “ಮೇಸ್ತ್ರಿ, ವೈರ್ ಬಿಚ್ಚು.”

ಸ್ವಲ್ಪ ಹೊತ್ತಿಗೆ ಹಳದಿ ಟವೆಲಿನ ತಲೆ ಮೇಲೆ ಬಂತು. ಕೈಯಲ್ಲಿ ಸ್ಟೀಲಿನ ಊಟದ ಡಬ್ಬಿ. ಅದನ್ನು ಕೆಳಗೆ ಮರೆತಿದ್ದನಂತೆ. ಹೊಸ ಡಬ್ಬಿ, ಹೆಂಡತಿ ಬೈತಾಳೆ ಎಂದ. ಎಲ್ಲರೂ ತನ್ನನ್ನೇ ನೋಡುತ್ತಿರುವುದು ಅವನಿಗೆ ಅರ್ಥವಾಗಲಿಲ್ಲ.

ತಾತ ಅವನನ್ನು ಬೈಯಲಿಲ್ಲ. ಬಿಲ್ಲೆಯನ್ನು ಅವನ ಕೈಗೆ ಕೊಟ್ಟು, “ನೀನು ಈಗ ಮಾತಾಡಿದ್ಯಾ?” ಎಂದು ಕೇಳಿದರು.

“ಲೇದು ತಾತಾ. ಕೆಳಗಿದ್ನಲ್ಲ.”

ಪಂಪ್‌ಹೌಸಿನ ಹಿಂದಿದ್ದವರನ್ನು ಕೇಳಿದರು. ಟ್ರ್ಯಾಕ್ಟರಿನ ಸದ್ದಿನಲ್ಲಿ ಅವರಿಗೆ ಏನೂ ಕೇಳಿಸಿರಲಿಲ್ಲ. ಮೇಸ್ತ್ರಿಯನ್ನು ಕೇಳಿದರು. ಅವನು, “ಯಾರೂ ಮಾತಾಡ್ಲಿಲ್ಲ ತಾತ. ನೀವು ತಲೆ ಆಡಿಸಿದ್ದು ನೋಡಿ ನಾನೂ ರೆಡಿ ಆದೆ” ಎಂದ. ಆಮೇಲೆ ನನ್ನ ಕಡೆ ನೋಡಿದರು. ಆ ಬಿಸಿಲು, ಆ ಮುಖ… ನಾನು ಬಾವುಟ ಹಿಡಿದುಕೊಂಡಿದ್ದೆ. ತಲೆಯನ್ನು ಅಡ್ಡಡ್ಡ ಆಡಿಸಿದೆ. 

ತಾತ ಹಲಗೆಯ ಹತ್ತಿರ ಹೋದರು. ಐದೂ ಬಿಲ್ಲೆ ಸರಿಯಾಗಿ ನೇತಾಡುತ್ತಿವೆಯೋ ನೋಡಿದರು. ಮೇಸ್ತ್ರಿಗೆ, “ಈಗ ಮುಟ್ಟಿಸು. ಇದೇ ನನ್ನ ಲಾಸ್ಟು” ಎಂದರು. ಕೈ ಇಳಿಸಿದರು, ಢಂ ಎಂದಿತು. ಆ ಸಿಹಿ ಹೊಗೆಯ ಒಳಗಿಂದ ಮನೆಯ ಕಡೆ ನಡೆದರು. ಸಾಹೇಬರು ಎರಡು ಸಲ ಕರೆಯಲು ಬಂದರು. “ನಿಮ್ಮಿಂದಾನೇ ಆ ಹುಡುಗ ಉಳಿದಿದ್ದು” ಎಂದರು. ತಾತ ಕೈ ಮುಗಿದು, “ಕೈಯಿಂದ ಉಳಿದ ಸಾಹೇಬ್ರೇ. ಕಿವಿ ಅವನನ್ನ ಸಾಯಿಸಿತ್ತು” ಎಂದರು.

ಯಾರಿಗೂ ಏನೂ ಆಗಲಿಲ್ಲ. ಅದೇ ಕಷ್ಟ. ಒಂದು ಬೆರಳಾದರೂ ಹೋಗಿದ್ದರೆ ಅವತ್ತೇ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ಬಾವಿಯಲ್ಲಿ ನೀರು ಬಂತು, ಸಾಹೇಬರು ಬೀದಿಗೆಲ್ಲ ಸಿಹಿ ಹಂಚಿದರು, ನಾನೂ ತಿಂದೆ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಮಳೆಗಾಲವೂ ಕಳೆಯಿತು. ಅಷ್ಟರಲ್ಲಿ ಒಂದು ದಿನ ತಾತನೇ ನಮ್ಮ ಬಾಗಿಲಿಗೆ ಬಂದು, “ಚಿಕ್ಕಬಳ್ಳಾಪುರಕ್ಕೆ ಹೋಗಣ ಬಾಪ್ಪ. ಕಿವಿ ತೋರಿಸ್ಬೇಕು” ಎಂದರು.

ಹೋದೆವು. ಡಾಕ್ಟರು ಕವಲು ಕಡ್ಡಿಯಂಥ ಒಂದು ಕಬ್ಬಿಣವನ್ನು ಮಂಡಿಗೆ ಬಡಿದು ಕಿವಿಯ ಹತ್ತಿರ ಹಿಡಿದರು, ದೂರ ಒಯ್ದರು, ಹಿಂದೆ ನಿಂತು ಪಿಸುಗುಟ್ಟಿದರು. ತಾತ ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಟ್ಟರು. “ಈ ವಯಸ್ಸಿಗೆ ಇಷ್ಟು ಚೆನ್ನಾಗಿರೋ ಕಿವಿ ಕಮ್ಮಿ ಅಜ್ಜ. ಆರಾಮಾಗಿ ಹೋಗಿ” ಎಂದರು ಡಾಕ್ಟರು. ನನಗೆ ಎದೆ ಹಗುರವಾಯಿತು. ತಾತ ಹೊರಗೆ ಬಂದು ಬೆಂಚಿನ ಮೇಲೆ ಕೂತರು.

“ಕಿವಿ ಸರಿಯಾಗಿದ್ರೆ, ಕೆಟ್ಟಿರೋದು ತಲೆ” ಎಂದರು.

ವಾಪಸು ಬರುವ ಬಸ್ಸಿನಲ್ಲಿ ಹೇಳಿಬಿಟ್ಟೆ. ಎಲ್ಲವನ್ನೂ. ಹಳದಿ ಟವೆಲು, ಮರ, ಮೂಗಿನ ರಾಗ. ತಾತ ಕಿಟಕಿಯ ಹೊರಗೆ ನೋಡುತ್ತಾ ಕೇಳಿದರು. ಮುಗಿದ ಮೇಲೆ, “ಮಾಡು ನೋಡಣ” ಎಂದರು.

ಮಾಡಿದೆ.  ಮೇಕೆಮರಿಯ ಹಾಗೆ ಏನೋ ಬಂತು. ಇನ್ನೊಮ್ಮೆ ಪ್ರಯತ್ನಿಸಿದೆ. ಇನ್ನೂ ಕೆಟ್ಟದಾಗಿ ಬಂತು. ಮುಂದಿನ ಸೀಟಿನವನು ತಿರುಗಿ ನೋಡಿ ನಕ್ಕ. ತಾತನೂ ನಕ್ಕರು, ನನ್ನ ತೊಡೆ ತಟ್ಟಿದರು.

“ಒಳ್ಳೇ ಹುಡುಗ ಕಣಪ್ಪ ನೀನು. ಆದ್ರೆ ಕನಿಕರಕ್ಕೆ ಸುಳ್ಳು ಹೇಳ್ಬೇಡ. ನಾನು ಕೇಳಿದ್ದು ಮನುಷ್ಯನ ದನಿ.”

ದಿನಾ ಯಾರ ಹೆಸರಿನಲ್ಲೋ ಯಾರನ್ನೋ ಕರೆದು ಬೀದಿಯನ್ನೆಲ್ಲ ಬೇಸ್ತು ಬೀಳಿಸುತ್ತಿದ್ದವನು ನಾನು. ಒಂದು ದಿನ ನಿಜ ಹೇಳಿದರೆ ಅದೂ ನನ್ನ ಮಿಮಿಕ್ರಿಯ ಐಟಂ ಆಯಿತು. ನಾಲ್ಕನೆಯವನನ್ನು ಹುಡುಕಿ ಕರೆತರೋಣವೆಂದರೆ ಅವನಿಗೇ ಏನೂ ಗೊತ್ತಿಲ್ಲ. ಆಗ ಒಂದು ಉಪಾಯ ಹೊಳೆಯಿತು. ಉಪಾಯ ಹೊಳೆದಾಗಲೆಲ್ಲ ನಾನು ಇದ್ದದ್ದನ್ನೂ ಕೆಡಿಸಿಕೊಂಡಿದ್ದೇನೆ.

ಒಂದು ವಾರ ನಮ್ಮ ಹಿತ್ತಲಿನಲ್ಲಿ ಅಭ್ಯಾಸ ಮಾಡಿದೆ. ದನಿ ಮತ್ತೆ ಕೈಗೆ ಸಿಕ್ಕಿತು, ಮೊದಲಿಗಿಂತ ಚೆನ್ನಾಗಿಯೇ. ಒಂದು ಸಂಜೆ ತಾತ ಬೀದಿಗೆ ಬೆನ್ನು ಹಾಕಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನಾನು ಹಿಂದಿನಿಂದ ಹೋಗಿ, ಅದೇ ಹತ್ತು ಹೆಜ್ಜೆ ದೂರದಲ್ಲಿ ನಿಂತು, “ಪೈನ ಉಂಡಾ…” ಎಂದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅವರು ತಿರುಗುತ್ತಾರೆ, ನನ್ನನ್ನು ನೋಡುತ್ತಾರೆ, ಕೆನ್ನೆಗೆ ಬಾರಿಸುತ್ತಾರೆ, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಅವರು ತಿರುಗಲಿಲ್ಲ. ಸುಲಿಯುವುದನ್ನು ನಿಲ್ಲಿಸಿದರು. ಎಡಗೈಯನ್ನು ಬಿಡಿಸಿ ಅಂಗೈ ನೋಡಿಕೊಂಡರು. ಅಲ್ಲಿ ಎರಡು ಅವರೆಕಾಳು ಬಿಟ್ಟರೆ ಏನೂ ಇರಲಿಲ್ಲ. ಹಾಗೇ ಕೂತುಬಿಟ್ಟರು. ನಾನು ಓಡಿ ಮುಂದೆ ಹೋದೆ.

“ನಾನೇ ತಾತ. ಈಗ ಕೂಗಿದ್ದು ನಾನೇ.”

“ಹೂಂ” ಎಂದರು. ನನ್ನನ್ನು ಸಮಾಧಾನ ಮಾಡುವ ಹಾಗೆ. “ಇನ್ನೊಂದ್ ಸಲ ಕೇಳಿಸ್ತಪ್ಪ, ಅದೇ ದನಿ. ನಿಮ್ಮಜ್ಜಿಗೆ ಹೇಳ್ಬೇಡ, ಹೆದರ್ಕೋತಾಳೆ.”

ಮತ್ತೆ ಮತ್ತೆ ಹೇಳಿದೆ. ಅವರ ಮುಂದೆಯೇ ನಿಂತು ಆ ದನಿ ತೆಗೆದೆ. ಅವರು ನನ್ನ ತುಟಿಯನ್ನು ನೋಡುತ್ತಾ ಮೆಲ್ಲಗೆ ತಲೆಯಾಡಿಸಿದರು. ನನ್ನ ಬಾಯಿಂದ ಬಂದದ್ದನ್ನೂ ಅವರು ಆಗಲೇ ನಂಬುತ್ತಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಅಂದಿನಿಂದ ಅವರು ಕರೆದರೆ ಓಗೊಡುವುದನ್ನು ಬಿಟ್ಟರು. ಹಾಲಿನವನು ಕೂಗಿದರೆ ಏಳುತ್ತಿರಲಿಲ್ಲ, ಪೋಸ್ಟ್‌ಮ್ಯಾನ್ ಕೂಗಿದರೆ ಏಳುತ್ತಿರಲಿಲ್ಲ. ಕಿವಿಗೆ ಬಿದ್ದದ್ದು ಇದೆಯೋ ಇಲ್ಲವೋ ಎಂದು ಕಾಯುತ್ತಿದ್ದರು. ಮೈ ಮುಟ್ಟಿದರೆ ಮಾತ್ರ ತಿರುಗುತ್ತಿದ್ದರು. ಅಜ್ಜಿ ಊಟಕ್ಕೆ ಕರೆಯಬೇಕಾದರೆ ಒಲೆಯ ಮುಂದಿನಿಂದ ಎದ್ದು ಬಂದು ಭುಜದ ಮೇಲೆ ಕೈ ಇಡಬೇಕಾಗಿತ್ತು. ಬ್ಯಾಂಕ್ಸ್‌ಮನ್ ಎಂಬ ಮಾತನ್ನು ಅವರ ಬಾಯಿಂದ ನಾನು ಮತ್ತೆ ಕೇಳಲಿಲ್ಲ. ಶಾಲೆಯ ಆಯಾ ಹಾಗೇ ಗೇಟಿನಲ್ಲಿ ನಿಲ್ಲುತ್ತಿದ್ದಳು. ತಾತ ನೋಡುತ್ತಿದ್ದರು, ಅಷ್ಟೇ.

ಎರಡು ಚಳಿಗಾಲ ಕಳೆದವು. ಮೂರನೆಯದರಲ್ಲಿ ಕೆಮ್ಮು ಹತ್ತಿ ಹೋದರು. ನಾನು ಚಿಂತಾಮಣಿಯಲ್ಲಿ ಒಂದು ಕಾರ್ಯಕ್ರಮದಲ್ಲಿದ್ದೆ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನಗೆ ಅಳು ಬರಲಿಲ್ಲ. ಏನೂ ಬರಲಿಲ್ಲ. ಜಗಲಿಯನ್ನು ತೊಳೆದಿದ್ದರು, ಅದು ಒಣಗುವುದನ್ನು ನೋಡುತ್ತಾ ನಿಂತಿದ್ದೆ.

ಸಾಹೇಬರು ಈಗ ಬೋರ್‌ವೆಲ್ ಹಾಕಿಸಿದ್ದಾರೆ. ಅಂಗೈ ಅಗಲದ ತೂತಿಗೆ ಯಾರೂ ಇಳಿಯುವುದಿಲ್ಲ, ದಂಡೆಯ ಮೇಲೆ ಯಾರೂ ನಿಲ್ಲಬೇಕಾಗಿಲ್ಲ. ನಾನು ಮಿಮಿಕ್ರಿಯನ್ನು ಬಿಟ್ಟಿಲ್ಲ. ಬಿಟ್ಟೆ ಎಂದು ಬರೆದಿದ್ದರೆ ಚೆನ್ನಾಗಿರುತ್ತಿತ್ತು, ಆದರೆ ಬಿಟ್ಟಿಲ್ಲ. ನನಗೆ ಬೇರೆ ಏನೂ ಬರುವುದಿಲ್ಲ.

ಅಜ್ಜಿ ಅದೇ ಮನೆಯಲ್ಲಿದ್ದಾರೆ. ನಿನ್ನೆ ಬೆಳಿಗ್ಗೆ ನಾನು ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದೆ. ಅವರು ಬೀದಿ ದಾಟಿ ನಿಧಾನಕ್ಕೆ ಬಂದರು. ಎದುರಿಗೇ ಬಂದು ನಿಂತರೂ ಮಾತಾಡಲಿಲ್ಲ. ಮೊದಲು ನನ್ನ ಮೊಣಕೈಯನ್ನು ಹಿಡಿದರು. ಆಮೇಲೆ, “ನಿಮ್ಮನೇಲಿ ಕರೆಂಟ್ ಐತೇನಪ್ಪ?” ಎಂದು ಕೇಳಿದರು. ನಾನು ಆ ಕೈಯನ್ನೇ ನೋಡಿದೆ. ಅವರೂ ನೋಡಿಕೊಂಡರು.

“ಅಭ್ಯಾಸ ಆಗೋಯ್ತು ಕಣಪ್ಪ” ಎಂದರು. “ಮುಟ್ಟದೆ ಮಾತಾಡಿದ್ರೆ ಅವರು ಒಂದೊಂದ್ ಸಲ ನಾನೂ ಇಲ್ಲ ಅಂದ್ಕೊಂಡ್ಬಿಡ್ತಿದ್ರು.”

ಬಾಯಲ್ಲಿ ಪೇಸ್ಟಿನ ನೊರೆ ತುಂಬಿತ್ತು. ಉಗಿದು ಬಂದು, ಕರೆಂಟ್ ಇದೆ ಅಜ್ಜಿ ಎಂದೆ. ಅವರ ಮನೆಯಲ್ಲಿ ಫ್ಯೂಸ್ ಹೋಗಿತ್ತು. ಹಾಕಿಕೊಟ್ಟು ಬಂದೆ.